ದಹನ ಸಂಶ್ಲೇಷಣೆ ಮತ್ತು ಪರಿಸರದ ನ್ಯಾನೊವಸ್ತುಗಳು: ಕೆ. ಸಿ. ಪಾಟೀಲರ ರಸಾಯನವಿಜ್ಞಾನ, ಗುಂಡ್ಲುಪೇಟೆಯ ನೀರು

ಲೋಹದ ನೈಟ್ರೇಟ್ ಲವಣವನ್ನೂ ಯೂರಿಯಾದಂಥ ಇಂಧನವನ್ನೂ ನೀರಿನಲ್ಲಿ ಕರಗಿಸಿ ಕುಲುಮೆಯಲ್ಲಿಟ್ಟರೆ ದ್ರಾವಣ ಕುದಿದು, ನೊರೆಗಟ್ಟಿ, ತಾನಾಗಿ ಹೊತ್ತಿಕೊಳ್ಳುತ್ತದೆ. ಆ ಉರಿಯಲ್ಲಿ ಕೆಲವೇ ನಿಮಿಷಗಳಲ್ಲಿ ಲೋಹದ ಆಕ್ಸೈಡಿನ ಅತಿ ನುಣ್ಣನೆಯ ಪುಡಿ ಸಿಗುತ್ತದೆ. ಇದೇ ದ್ರಾವಣ ದಹನ ಸಂಶ್ಲೇಷಣೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಐಐಎಸ್‌ಸಿ) ಪ್ರೊ. ಕಾಶೀನಾಥ ಸಿ. ಪಾಟೀಲ್ ಮತ್ತು ಅವರ ವಿದ್ಯಾರ್ಥಿಗಳು 1980ರ ದಶಕದ ಕೊನೆಯಲ್ಲಿ ರೂಪಿಸಿದ ಈ ವಿಧಾನ ಇಂದು ಜಗತ್ತಿನ ನಾನಾ ದೇಶಗಳ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ. ನೀರಿನ ಬಣ್ಣ ಕಳೆಯುವ ಟೈಟಾನಿಯಾ (ಟೈಟಾನಿಯಂ ಡೈಆಕ್ಸೈಡ್), ಫ್ಲೋರೈಡ್ ಹಿಡಿದಿಡುವ ಅಲ್ಯೂಮಿನ (ಅಲ್ಯೂಮಿನಿಯಂ ಆಕ್ಸೈಡ್) ಮತ್ತು ಮೆಗ್ನೀಷಿಯಾ (ಮೆಗ್ನೀಷಿಯಂ ಆಕ್ಸೈಡ್), ವಾಹನದ ಹೊಗೆಯನ್ನು ಶುದ್ಧಗೊಳಿಸುವ ಸೀರಿಯಾ (ಸೀರಿಯಂ ಆಕ್ಸೈಡ್) ಮುಂತಾದ ಪರಿಸರ ಸಂಬಂಧಿ ವಸ್ತುಗಳನ್ನು ಈ ಮಾರ್ಗದಲ್ಲಿ ತಯಾರಿಸಲಾಗಿದೆ. ಈ ಲೇಖನ ಆ ವಿಧಾನದ ಹುಟ್ಟು, ಅದರಿಂದ ಬೆಳೆದ ಸಂಶೋಧನೆ, ನ್ಯಾನೊವಸ್ತುಗಳಿಂದ ಪರಿಸರಕ್ಕೆ ಆಗುವ ಉಪಕಾರ ಮತ್ತು ಅಪಾಯಗಳನ್ನು ಪರಿಚಯಿಸುತ್ತದೆ. ಅಂತರ್ಜಲವನ್ನೇ ಬಹುಮಟ್ಟಿಗೆ ನಂಬಿರುವ ಚಾಮರಾಜನಗರ, ಗುಂಡ್ಲುಪೇಟೆ ಭಾಗಕ್ಕೆ ಇದರಿಂದ ಏನು ಪ್ರಯೋಜನ ಎಂಬುದನ್ನು ಪರಿಶೀಲಿಸುತ್ತದೆ.

ಗಾತ್ರ ಮತ್ತು ಗುಣ

ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗ ಒಂದು ನ್ಯಾನೊಮೀಟರ್. ಸಾಮಾನ್ಯವಾಗಿ 1ರಿಂದ 100 ನ್ಯಾನೊಮೀಟರ್ ಅಳತೆಯ ಕಣಗಳಿರುವ ವಸ್ತುವನ್ನು ನ್ಯಾನೊವಸ್ತು ಎನ್ನುತ್ತಾರೆ. ಗಾತ್ರ ಇಷ್ಟು ಕುಗ್ಗಿದಾಗ ಎರಡು ಬದಲಾವಣೆಗಳು ಆಗುತ್ತವೆ. ಮೊದಲನೆಯದು ಮೇಲ್ಮೈ ವಿಸ್ತಾರದ ಹೆಚ್ಚಳ. ಪ್ರತಿ ಬದಿ 1 ಸೆಂಟಿಮೀಟರ್ ಇರುವ ಘನವೊಂದರ ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನೇ 10 ನ್ಯಾನೊಮೀಟರ್ ಬದಿಯ ಘನಗಳಾಗಿ ಒಡೆದರೆ ಒಟ್ಟು ಮೇಲ್ಮೈ 600 ಚದರ ಮೀಟರ್ ಆಗುತ್ತದೆ. ರಾಸಾಯನಿಕ ಕ್ರಿಯೆ ನಡೆಯುವುದು ಮೇಲ್ಮೈಯಲ್ಲಿ. ಆದ್ದರಿಂದ ಅಷ್ಟೇ ತೂಕದ ವಸ್ತು ಹಲವು ಪಟ್ಟು ಹೆಚ್ಚು ಕೆಲಸ ಮಾಡುತ್ತದೆ. ಎರಡನೆಯದು ಗುಣಗಳ ಬದಲಾವಣೆ. ಹಳದಿ ಬಣ್ಣದ ಚಿನ್ನ ನ್ಯಾನೊ ಗಾತ್ರದಲ್ಲಿ ನೀರಿನಲ್ಲಿ ತೇಲುವಾಗ ಕೆಂಪಾಗಿ ಕಾಣುತ್ತದೆ, ಕಣಗಳು ಒಂದಕ್ಕೊಂದು ಅಂಟಿಕೊಂಡಾಗ ನೀಲಿಗೆ ತಿರುಗುತ್ತದೆ. ನೀರಿನಲ್ಲಿರುವ ಕೀಟನಾಶಕದ ಅಂಶವನ್ನು ಪತ್ತೆಹಚ್ಚಲು ಈ ಬಣ್ಣದ ಬದಲಾವಣೆಯನ್ನೇ ಬಳಸಿಕೊಳ್ಳಬಹುದು.

ಮಣ್ಣಿನ ಜೇಡಿಕಣ, ಕಬ್ಬಿಣದ ತುಕ್ಕಿನ ಕಣ, ಹೊಗೆಯ ಮಸಿ ಇವೆಲ್ಲ ನಿಸರ್ಗದಲ್ಲಿ ಮೊದಲಿನಿಂದಲೂ ಇರುವ ನ್ಯಾನೊಕಣಗಳೇ. ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಹೊಸದಾಗಿ ಬಂದದ್ದು, ಅವನ್ನು ಬೇಕಾದ ಗಾತ್ರದಲ್ಲಿ, ಬೇಕಾದ ಸಂಯೋಜನೆಯಲ್ಲಿ ತಯಾರಿಸುವ ಸಾಮರ್ಥ್ಯ. ಭಾರತದಲ್ಲಿ ಈ ಕ್ಷೇತ್ರ ಬೇರೂರಿದ್ದಕ್ಕೆ ಬೆಂಗಳೂರಿನವರೇ ಆದ ಸಿ. ಎನ್. ಆರ್. ರಾವ್ ಅವರ ಘನಸ್ಥಿತಿ ರಸಾಯನವಿಜ್ಞಾನದ ಪರಂಪರೆ ದೊಡ್ಡ ಕಾರಣ. 1989ರಲ್ಲಿ ಅವರ ನೇತೃತ್ವದಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಆರಂಭವಾಯಿತು. 2007ರಲ್ಲಿ ಕೇಂದ್ರ ಸರ್ಕಾರ 1000 ಕೋಟಿ ರೂಪಾಯಿಗಳ ನ್ಯಾನೊ ಮಿಷನ್ ಕಾರ್ಯಕ್ರಮಕ್ಕೆ ಒಪ್ಪಿಗೆ ನೀಡಿತು.

ಕುಲುಮೆಯಲ್ಲಿ ಹೊತ್ತಿದ ಉರಿ

ಪಾಟೀಲರು ಐಐಎಸ್‌ಸಿಯ ಅಕಾರ್ಬನಿಕ ಮತ್ತು ಭೌತ ರಸಾಯನವಿಜ್ಞಾನ ವಿಭಾಗದಲ್ಲಿ ಪ್ರಾಧ್ಯಾಪಕರಾಗಿದ್ದರು. ಹೈಡ್ರಜೀನ್ ಎಂಬ ಸಂಯುಕ್ತ ಮತ್ತು ಅದರಿಂದಾಗುವ ಲೋಹಲವಣಗಳು ಅವರ ಮುಖ್ಯ ಅಧ್ಯಯನ ವಿಷಯ. ಹೈಡ್ರಜೀನ್ ರಾಕೆಟ್ ಇಂಧನವಾಗಿಯೂ ಹೆಸರಾದದ್ದು. ಅದರ ಲೋಹಲವಣಗಳನ್ನು ಕಾಯಿಸಿದರೆ ಕಡಿಮೆ ಉಷ್ಣತೆಯಲ್ಲೇ ಉರಿದು ನುಣ್ಣನೆಯ ಆಕ್ಸೈಡ್ ಉಳಿಯುತ್ತದೆ ಎಂಬುದು ಈ ತಂಡಕ್ಕೆ ಗೊತ್ತಿದ್ದ ಸಂಗತಿ.

ಅವರ ವಿದ್ಯಾರ್ಥಿ ಜೆ. ಜೆ. ಕಿಂಗ್ಸ್‌ಲಿ ಅಲ್ಯೂಮಿನಿಯಂ ನೈಟ್ರೇಟ್ ಮತ್ತು ಯೂರಿಯಾದ ದ್ರಾವಣವನ್ನು ಸುಮಾರು 500 ಡಿಗ್ರಿ ಸೆಲ್ಸಿಯಸ್‌ಗೆ ಕಾದಿದ್ದ ಮಫಲ್ ಕುಲುಮೆಯಲ್ಲಿ ಒಮ್ಮೆಲೇ ಬಿಸಿಮಾಡಿದಾಗ ಅದು ನೊರೆಯುಕ್ಕಿ ಬೆಂಕಿ ಹಿಡಿದು ಬೆಳ್ಳಗೆ ಪ್ರಜ್ವಲಿಸಿತು. ಪಾತ್ರೆಯ ತುಂಬ ಹತ್ತಿಯಷ್ಟು ಹಗುರಾದ ಬಿಳಿಯ ಪುಡಿ ಉಳಿಯಿತು. ಪರೀಕ್ಷಿಸಿದಾಗ ಅದು ಆಲ್ಫಾ ಅಲ್ಯೂಮಿನ ಎಂದು ತಿಳಿಯಿತು. ಸಾಮಾನ್ಯ ಮಾರ್ಗದಲ್ಲಿ ಈ ರೂಪದ ಅಲ್ಯೂಮಿನ ಪಡೆಯಲು 1000 ಡಿಗ್ರಿಗೂ ಮೀರಿದ ಉಷ್ಣತೆಯಲ್ಲಿ ಗಂಟೆಗಟ್ಟಲೆ ಸುಡಬೇಕು. ಇಲ್ಲಿ ಕುಲುಮೆಯ ಉಷ್ಣತೆ 500 ಡಿಗ್ರಿ ಮಾತ್ರ; ಉಳಿದ ಶಾಖವನ್ನು ಉರಿಯೇ ಒದಗಿಸಿತು. ಜ್ವಾಲೆಯ ಉಷ್ಣತೆ 1500 ಡಿಗ್ರಿಯ ಆಸುಪಾಸು ತಲುಪಿತ್ತು, ಇಡೀ ಕ್ರಿಯೆ ಐದು ನಿಮಿಷದೊಳಗೆ ಮುಗಿದಿತ್ತು. 1988ರಲ್ಲಿ ‘ಮೆಟೀರಿಯಲ್ಸ್ ಲೆಟರ್ಸ್’ ಪತ್ರಿಕೆಯಲ್ಲಿ ಕಿಂಗ್ಸ್‌ಲಿ ಮತ್ತು ಪಾಟೀಲ್ ಇದನ್ನು ಪ್ರಕಟಿಸಿದರು.

ಉರಿಯ ಮೂಲಕ ವಸ್ತು ತಯಾರಿಸುವ ಯೋಚನೆ ಅದಕ್ಕೂ ಮೊದಲೇ ಇತ್ತು. ಸೋವಿಯತ್ ವಿಜ್ಞಾನಿ ಎ. ಜಿ. ಮೆರ್ಜಾನೋವ್ ಮತ್ತು ಸಂಗಡಿಗರು 1967ರಲ್ಲಿ ಘನ ಪುಡಿಗಳ ಮಿಶ್ರಣಕ್ಕೆ ಒಂದು ತುದಿಯಲ್ಲಿ ಕಿಡಿ ತಾಗಿಸಿ, ಉರಿ ತಾನೇ ಮುಂದುವರಿದು ವಸ್ತುವನ್ನು ರೂಪಿಸುವ ವಿಧಾನವನ್ನು ತೋರಿಸಿದ್ದರು. ಆದರೆ ಘನ ಮಿಶ್ರಣದ ಉರಿಯಲ್ಲಿ ಉಂಟಾಗುವ ಕಣಗಳು ದೊಡ್ಡವು. ಬೆಂಗಳೂರಿನ ವಿಧಾನದಲ್ಲಿ ಎಲ್ಲವೂ ದ್ರಾವಣದಲ್ಲಿ ಅಣುಮಟ್ಟದಲ್ಲಿ ಬೆರೆತಿರುತ್ತವೆ. ಹಾಗಾಗಿ ಎರಡು ಮೂರು ಲೋಹಗಳನ್ನು ನಿಖರ ಪ್ರಮಾಣದಲ್ಲಿ ಸೇರಿಸುವುದೂ ಸುಲಭ, ಕಣಗಳೂ ಸಣ್ಣವು.

ಇಂಧನದ ಲೆಕ್ಕ

ಈ ಉರಿಯ ಹಿಂದೆ ರಾಕೆಟ್ ಇಂಧನದ ಗಣಿತವಿದೆ. ಐಐಎಸ್‌ಸಿಯಲ್ಲೇ ಎಸ್. ಆರ್. ಜೈನ್, ಕೆ. ಸಿ. ಅಡಿಗ ಮತ್ತು ವಿ. ಆರ್. ಪೈ ವರ್ಣೇಕರ್ 1981ರಲ್ಲಿ ಇಂಧನ ಮತ್ತು ಉತ್ಕರ್ಷಕಗಳ (ಉರಿಗೆ ಆಮ್ಲಜನಕ ಒದಗಿಸುವ ವಸ್ತುಗಳ) ಸಮತೋಲವನ್ನು ಧಾತುಗಳ ವೇಲೆನ್ಸಿಯಿಂದಲೇ ಎಣಿಸುವ ಸರಳ ಕ್ರಮವನ್ನು ಪ್ರಕಟಿಸಿದ್ದರು. ಪಾಟೀಲರ ತಂಡ ಅದನ್ನು ವಸ್ತು ತಯಾರಿಕೆಗೆ ಅನ್ವಯಿಸಿತು. ಆಮ್ಲಜನಕಕ್ಕೆ ಋಣ 2, ಅಲ್ಯೂಮಿನಿಯಂಗೆ ಧನ 3, ಇಂಗಾಲಕ್ಕೆ ಧನ 4, ಜಲಜನಕಕ್ಕೆ ಧನ 1, ಸಾರಜನಕಕ್ಕೆ ಸೊನ್ನೆ ಎಂದು ಹಿಡಿದರೆ ಅಲ್ಯೂಮಿನಿಯಂ ನೈಟ್ರೇಟಿನ ಒಟ್ಟು ಬೆಲೆ ಋಣ 15, ಯೂರಿಯಾದ ಬೆಲೆ ಧನ 6. ಎರಡೂ ಸರಿದೂಗಬೇಕಾದರೆ 2 ಮೋಲ್ ನೈಟ್ರೇಟಿಗೆ 5 ಮೋಲ್ ಯೂರಿಯಾ ಬೇಕು.

ಹೀಗೆ ಲೆಕ್ಕ ಹಾಕಿ ಉರಿಸಿದಾಗ 1 ಮೋಲ್ ಅಲ್ಯೂಮಿನ ಉಂಟಾಗುತ್ತದೆ. ಜೊತೆಗೆ ಇಂಗಾಲದ ಡೈಆಕ್ಸೈಡ್, ಸಾರಜನಕ, ನೀರಾವಿ ಸೇರಿ 23 ಮೋಲ್ ಅನಿಲ ಹೊರಬರುತ್ತದೆ. ಪುಡಿ ನುಣ್ಣಗಾಗುವ ಗುಟ್ಟು ಈ ಅನಿಲದಲ್ಲಿದೆ. ರಭಸದಿಂದ ಹೊರನುಗ್ಗುವ ಅನಿಲ ಕಣಗಳನ್ನು ಒಂದರಿಂದೊಂದು ಬೇರ್ಪಡಿಸುತ್ತದೆ, ಶಾಖವನ್ನೂ ಹೊತ್ತೊಯ್ಯುತ್ತದೆ. ಕಣಗಳು ಬೆಸೆದು ಬೆಳೆಯಲು ಸಮಯ ಸಿಗುವುದಿಲ್ಲ. ಇಂಧನವನ್ನು ಬದಲಿಸಿದರೆ ಉರಿಯ ಸ್ವರೂಪವೂ ಬದಲಾಗುತ್ತದೆ. ಯೂರಿಯಾ, ಗ್ಲೈಸಿನ್, ಕಾರ್ಬೊಹೈಡ್ರಜೈಡ್, ಆಕ್ಸಾಲಿಲ್ ಡೈಹೈಡ್ರಜೈಡ್ ಹೀಗೆ ಒಂದೊಂದು ಆಕ್ಸೈಡಿಗೆ ಹೊಂದುವ ಇಂಧನವನ್ನು ಈ ತಂಡ ಗುರುತಿಸಿತು. ಈ ಅನುಭವವೆಲ್ಲ 2008ರಲ್ಲಿ ಪಾಟೀಲ್, ಎಂ. ಎಸ್. ಹೆಗ್ಡೆ, ತನು ರತ್ತನ್ ಮತ್ತು ಎಸ್. ಟಿ. ಅರುಣಾ ಸೇರಿ ಬರೆದ, ನ್ಯಾನೊಸ್ಫಟಿಕ ಆಕ್ಸೈಡುಗಳ ರಸಾಯನವಿಜ್ಞಾನವನ್ನು ಕುರಿತ ಇಂಗ್ಲಿಷ್ ಗ್ರಂಥದಲ್ಲಿ ಸಂಗ್ರಹವಾಗಿದೆ.

ಬಿಸಿಲಿನಿಂದ ನೀರಿನ ಶುದ್ಧಿ

1972ರಲ್ಲಿ ಜಪಾನಿನ ಅಕಿರಾ ಫುಜಿಶಿಮಾ ಮತ್ತು ಕೆನಿಚಿ ಹೊಂಡಾ ಟೈಟಾನಿಯಂ ಡೈಆಕ್ಸೈಡಿನ ಮೇಲೆ ಬೆಳಕು ಬೀರಿ ನೀರನ್ನು ವಿಭಜಿಸಬಹುದೆಂದು ತೋರಿಸಿದರು. ದ್ಯುತಿವೇಗವರ್ಧನೆ, ಎಂದರೆ ಬೆಳಕಿನ ಬಲದಿಂದ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಿದ್ಯೆ, ಅಲ್ಲಿಂದ ವೇಗವಾಗಿ ಬೆಳೆಯಿತು. ಬೆಳಕು ಬಿದ್ದಾಗ ಟೈಟಾನಿಯಾದ ಒಳಗೆ ಎಲೆಕ್ಟ್ರಾನೊಂದು ಮೇಲಿನ ಶಕ್ತಿಮಟ್ಟಕ್ಕೆ ಜಿಗಿಯುತ್ತದೆ, ಅದಿದ್ದ ಜಾಗ ತೆರವಾಗುತ್ತದೆ. ಇವೆರಡೂ ಮೇಲ್ಮೈಗೆ ಬಂದು ನೀರಿನಲ್ಲಿ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ ಅತಿ ಚುರುಕಾದ ತುಣುಕುಗಳನ್ನು ಹುಟ್ಟಿಸುತ್ತವೆ. ಅವು ಬಣ್ಣ, ಕೀಟನಾಶಕ, ರೋಗಾಣು ಯಾವುದು ಸಿಕ್ಕರೂ ಅದರ ಮೇಲೆರಗಿ ಒಡೆಯುತ್ತವೆ.

ಆದರೆ ಶುದ್ಧ ಟೈಟಾನಿಯಾಕ್ಕೆ ಬೇಕಾದದ್ದು ನೇರಳಾತೀತ ಬೆಳಕು. ಬಿಸಿಲಿನಲ್ಲಿ ಅದರ ಪಾಲು ನೂರಕ್ಕೆ ಐದರಷ್ಟು. ಐಐಎಸ್‌ಸಿಯಲ್ಲಿ ಎಂ. ಎಸ್. ಹೆಗ್ಡೆ ಮತ್ತು ಗಿರಿಧರ್ ಮದ್ರಾಸ್ ಅವರ ತಂಡಗಳು ಟೈಟಾನಿಲ್ ನೈಟ್ರೇಟನ್ನು ಗ್ಲೈಸಿನ್ ಜೊತೆ 350 ಡಿಗ್ರಿಯಲ್ಲಿ ಉರಿಸಿ, 10 ನ್ಯಾನೊಮೀಟರ್ ಆಸುಪಾಸಿನ ಕಣಗಳಿರುವ ಟೈಟಾನಿಯಾ ತಯಾರಿಸಿದವು. ಉರಿಯಲ್ಲಿ ಒಂದಿಷ್ಟು ಇಂಗಾಲ ಆಮ್ಲಜನಕದ ಸ್ಥಾನದಲ್ಲಿ ಸೇರಿಕೊಂಡು, ಕಣ್ಣಿಗೆ ಕಾಣುವ ಬೆಳಕನ್ನೂ ಹೀರುವ ಗುಣ ಅದಕ್ಕೆ ಬಂದಿತ್ತು. 2003 ಮತ್ತು 2004ರಲ್ಲಿ ಪ್ರಕಟವಾದ ಅವರ ಪ್ರಬಂಧಗಳು, ಹಲವು ಬಗೆಯ ಬಟ್ಟೆ ಬಣ್ಣಗಳನ್ನು ಒಡೆಯುವುದರಲ್ಲಿ ಈ ಪುಡಿ ಮಾರುಕಟ್ಟೆಯ ಮಾದರಿ ಟೈಟಾನಿಯಾಕ್ಕಿಂತ ಚುರುಕೆಂದು ತೋರಿಸಿದವು. ಮದ್ರಾಸ್ ಅವರಿಗೆ 2009ರಲ್ಲಿ ಎಂಜಿನಿಯರಿಂಗ್ ವಿಭಾಗದ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿ ದೊರೆಯಿತು.

ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಆವರಣದಲ್ಲಿ ಇದೇ ಗುರಿಯತ್ತ ಬೇರೊಂದು ದಾರಿ ತೆರೆಯಿತು. ಕೆ. ಬೈರಪ್ಪ ಮತ್ತು ಸಂಗಡಿಗರು ಮುಚ್ಚಿದ ಪಾತ್ರೆಯಲ್ಲಿ ಬಿಸಿನೀರು ಮತ್ತು ಒತ್ತಡದ ನೆರವಿನಿಂದ ಸ್ಫಟಿಕ ಬೆಳೆಸುವ ಜಲೋಷ್ಣ ವಿಧಾನದಲ್ಲಿ ಪರಿಣತರು. ಅವರು ಜಪಾನಿನ ಮಸಾಹಿರೊ ಯೋಶಿಮುರಾ ಜೊತೆ ಬರೆದ ಜಲೋಷ್ಣ ತಂತ್ರಜ್ಞಾನದ ಕೈಪಿಡಿ 2001ರಲ್ಲಿ ಹೊರಬಂದು ಜಗತ್ತಿನಾದ್ಯಂತ ಬಳಕೆಯಾಯಿತು. ಈ ವಿಧಾನದಲ್ಲಿ ತಯಾರಿಸಿದ ಸತುವಿನ ಆಕ್ಸೈಡ್ ರೋಡಮಿನ್-ಬಿ ಎಂಬ ಬಣ್ಣವನ್ನು ಬೆಳಕಿನಲ್ಲಿ ಕಳೆಯುವ ಬಗೆಯನ್ನು ಅವರ ತಂಡ 2006ರಲ್ಲಿ ಪ್ರಕಟಿಸಿತು.

ವಾಹನದ ಹೊಗೆ

ಪರಿಸರ ಎಂದರೆ ನೀರು ಮಾತ್ರವಲ್ಲ. ಪೆಟ್ರೋಲ್ ವಾಹನದ ಹೊಗೆಕೊಳವೆಯಲ್ಲಿರುವ ವೇಗವರ್ಧಕ ಕಾರ್ಬನ್ ಮಾನಾಕ್ಸೈಡ್, ಉರಿಯದೆ ಉಳಿದ ಇಂಧನ ಮತ್ತು ಸಾರಜನಕದ ಆಕ್ಸೈಡುಗಳನ್ನು ಅಪಾಯ ಕಡಿಮೆಯ ಅನಿಲಗಳಾಗಿ ಪರಿವರ್ತಿಸುತ್ತದೆ. ಅದರಲ್ಲಿ ಬಳಸುವ ಪ್ಲಾಟಿನಂ, ಪಲೇಡಿಯಂ, ರೋಡಿಯಂ ಬಹಳ ದುಬಾರಿ. ಹೆಗ್ಡೆ, ಪಾಟೀಲ್ ಮತ್ತು ವಿದ್ಯಾರ್ಥಿಗಳು 1999ರಿಂದ ಪ್ರಕಟಿಸಿದ ಕೆಲಸ ಇಲ್ಲಿ ಹೊಸ ತಿಳಿವಳಿಕೆ ನೀಡಿತು. ದಹನ ವಿಧಾನದಲ್ಲಿ ಸೀರಿಯಂ ಆಕ್ಸೈಡಿನೊಳಗೆ ನೂರಕ್ಕೆ ಒಂದೆರಡು ಭಾಗ ಪಲೇಡಿಯಂ ಸೇರಿಸಿದಾಗ ಅದು ಲೋಹದ ಕಣವಾಗಿ ಮೇಲೆ ಕೂರದೆ, ಅಯಾನಾಗಿ ಸ್ಫಟಿಕದ ಜಾಲದೊಳಗೇ ಸೇರಿಕೊಳ್ಳುತ್ತದೆ. ಒಂದೊಂದು ಅಯಾನೂ ಕ್ರಿಯೆಗೆ ಒದಗುವುದರಿಂದ ಕಡಿಮೆ ಲೋಹದಲ್ಲಿ ಹೆಚ್ಚು ಕೆಲಸ ನಡೆಯುತ್ತದೆ. ಈ ಸರಣಿಯ ಸಾರವನ್ನು ಹೆಗ್ಡೆ, ಮದ್ರಾಸ್, ಪಾಟೀಲ್ 2009ರ ಸಮೀಕ್ಷೆಯೊಂದರಲ್ಲಿ ಒಟ್ಟುಗೂಡಿಸಿದರು. ಬಂಡೀಪುರದ ಕಾಡನ್ನು ಸೀಳಿಕೊಂಡು ರಾಷ್ಟ್ರೀಯ ಹೆದ್ದಾರಿ ಹಾದುಹೋಗುವ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಇಂಥ ಸಂಶೋಧನೆಯ ಬೆಲೆ ಯಾರಿಗೂ ವಿವರಿಸಬೇಕಾಗಿಲ್ಲ.

ಕೀಟನಾಶಕ ಮತ್ತು ನ್ಯಾನೊಕಣ

ಐಐಎಸ್‌ಸಿಯಲ್ಲಿ ರಾವ್ ಮತ್ತು ಹೆಗ್ಡೆಯವರ ಮಾರ್ಗದರ್ಶನದಲ್ಲಿ 1991ರಲ್ಲಿ ಡಾಕ್ಟರೇಟ್ ಪಡೆದ ಟಿ. ಪ್ರದೀಪ್ ಮುಂದೆ ಮದ್ರಾಸ್ ಐಐಟಿಯಲ್ಲಿ ನೆಲೆಯೂರಿದರು. ಬೆಳ್ಳಿ ಮತ್ತು ಚಿನ್ನದ ನ್ಯಾನೊಕಣಗಳು ಕ್ಲೋರಿನ್ ಇರುವ ಇಂಗಾಲದ ಸಂಯುಕ್ತಗಳನ್ನು ಸಾಮಾನ್ಯ ಉಷ್ಣತೆಯಲ್ಲೇ ಒಡೆಯುತ್ತವೆ ಎಂಬುದನ್ನು ಅವರೂ ಅವರ ವಿದ್ಯಾರ್ಥಿ ಎ. ಎಸ್. ನಾಯರ್ ಅವರೂ 2003ರಲ್ಲಿ ತೋರಿಸಿದರು. ಚಿನ್ನದ ನ್ಯಾನೊಕಣದಿಂದ ಎಂಡೋಸಲ್ಫಾನನ್ನು ಪತ್ತೆಹಚ್ಚಿ ನೀರಿನಿಂದ ಬೇರ್ಪಡಿಸುವ ವಿಧಾನವೂ ಅದೇ ವರ್ಷ ಪ್ರಕಟವಾಯಿತು. 2007ರಲ್ಲಿ ಈ ರಸಾಯನವಿಜ್ಞಾನವನ್ನು ಆಧರಿಸಿದ, ಕೀಟನಾಶಕ ತೆಗೆಯುವ ಮನೆಬಳಕೆಯ ನೀರಿನ ಫಿಲ್ಟರ್ ಮಾರುಕಟ್ಟೆಗೆ ಬಂತು. 2013ರಲ್ಲಿ ಅವರ ತಂಡ ಪ್ರಕಟಿಸಿದ ಮತ್ತೊಂದು ಕೆಲಸ, ಕೈಟೋಸಾನ್ ಎಂಬ ಜೈವಿಕ ಪದಾರ್ಥದಲ್ಲಿ ನ್ಯಾನೊಕಣಗಳನ್ನು ಬಂಧಿಸಿ ಮರಳಿನಂಥ ಹರಳುಗಳನ್ನು ಮಾಡುವ ಬಗೆಯನ್ನು ವಿವರಿಸಿತು. ಆರ್ಸೆನಿಕ್ ತೆಗೆಯುವ ‘ಅಮೃತ್’ ಘಟಕಗಳು ಇದೇ ಬಗೆಯ ವಸ್ತುವಿನಿಂದ ನಡೆಯುತ್ತವೆ. 2020ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಕನ್ನಡಿಗರಿಗೆ ಎಂಡೋಸಲ್ಫಾನ್ ಎಂಬ ಹೆಸರು ನೋವಿನ ನೆನಪು. ಕಾಸರಗೋಡಿನ ಗೇರು ತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ, 2000ನೇ ಇಸವಿಯವರೆಗೆ, ಹೆಲಿಕಾಪ್ಟರಿನಿಂದ ಈ ವಿಷವನ್ನು ಸಿಂಪಡಿಸಲಾಯಿತು. ಕನ್ನಡ ಮಾತನಾಡುವ ಎಣ್ಮಕಜೆ ಮುಂತಾದ ಗ್ರಾಮಗಳಲ್ಲೂ ದಕ್ಷಿಣ ಕನ್ನಡದ ಕೊಕ್ಕಡ ಸುತ್ತಮುತ್ತಲೂ ಅಂಗವೈಕಲ್ಯದ ಮಕ್ಕಳನ್ನು ಸಾಕಿದ ತಾಯಂದಿರ ಸಂಕಟ ಇಂದಿಗೂ ಮುಗಿದಿಲ್ಲ. ಪತ್ರಕರ್ತ ಶ್ರೀಪಡ್ರೆ, ವೈದ್ಯ ವೈ. ಎಸ್. ಮೋಹನಕುಮಾರ್ ಮೊದಲಾದವರು ಎಚ್ಚರಿಸಿದ ಮೇಲೆ, ದೀರ್ಘ ಹೋರಾಟದ ಕೊನೆಗೆ, ಸುಪ್ರೀಂ ಕೋರ್ಟ್ 2011ರ ಮೇ ತಿಂಗಳಿನಲ್ಲಿ ಅದನ್ನು ನಿಷೇಧಿಸಿತು. ನೀರಿನಲ್ಲಿ ಏನಿದೆ ಎಂದು ಊರಿನಲ್ಲೇ, ಅಗ್ಗವಾಗಿ, ಬೇಗ ತಿಳಿಯುವ ಸಾಧನ ಆ ಕಾಲದಲ್ಲಿ ಇದ್ದಿದ್ದರೆ ಎಷ್ಟೋ ವರ್ಷ ಮೊದಲೇ ಸತ್ಯ ಹೊರಬೀಳುತ್ತಿತ್ತು. ಬಾಟಲಿ ನೀರಿನಲ್ಲಿ ಒಂದು ಕೀಟನಾಶಕಕ್ಕೆ ಭಾರತೀಯ ಮಾನಕ ಒಪ್ಪುವ ಮಿತಿ ಲೀಟರಿಗೆ 0.0001 ಮಿಲಿಗ್ರಾಂ. ಇಷ್ಟು ಸೂಕ್ಷ್ಮ ಪ್ರಮಾಣ ಅಳೆಯಲು ದುಬಾರಿ ಯಂತ್ರಗಳು ಬೇಕು. ಅವುಗಳ ಮುಂಚಿನ ಹಂತದಲ್ಲಿ, ಯಾವ ನೀರನ್ನು ಪ್ರಯೋಗಾಲಯಕ್ಕೆ ಕಳಿಸಬೇಕು ಎಂದು ಹೇಳುವ ಬಣ್ಣದ ಪರೀಕ್ಷೆಯನ್ನು ನ್ಯಾನೊಕಣಗಳು ಒದಗಿಸಬಲ್ಲವು.

ಚಾಮರಾಜನಗರ ಜಿಲ್ಲೆಯೂ ಕೀಟನಾಶಕದ ಘೋರ ಮುಖವನ್ನು ಕಂಡಿದೆ. 2018ರ ಡಿಸೆಂಬರಿನಲ್ಲಿ ಹನೂರು ತಾಲ್ಲೂಕಿನ ಸುಳವಾಡಿಯಲ್ಲಿ ವಿಷ ಬೆರೆತ ಪ್ರಸಾದ ತಿಂದು 17 ಜನ ಸತ್ತರು. ಅದರಲ್ಲಿದ್ದದ್ದು ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ. ಅದು ದುರುದ್ದೇಶದ ಕೃತ್ಯ. ಆದರೂ ಹೊಲದ ಔಷಧಿ ಎಷ್ಟು ಸುಲಭವಾಗಿ ಕೈಗೆ ಸಿಗುತ್ತದೆ ಮತ್ತು ಅದನ್ನು ಗುರುತಿಸುವ ಸೌಲಭ್ಯ ಹಳ್ಳಿಯಿಂದ ಎಷ್ಟು ದೂರವಿದೆ ಎಂಬುದನ್ನು ಅದು ತೋರಿಸಿತು.

ಚಾಮರಾಜನಗರ ಮತ್ತು ಗುಂಡ್ಲುಪೇಟೆ

1997ರಲ್ಲಿ ಮೈಸೂರಿನಿಂದ ಬೇರೆಯಾಗಿ ರೂಪುಗೊಂಡ ಚಾಮರಾಜನಗರ ಜಿಲ್ಲೆ ನೀಲಗಿರಿಯ ಮಗ್ಗುಲಲ್ಲಿದ್ದರೂ ಅದರ ಬಯಲು ಭಾಗ ಮಳೆನೆರಳಿನ ಪ್ರದೇಶ. ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಹರಿಯುವ ಗುಂಡ್ಲುಹೊಳೆ ಉತ್ತರಕ್ಕೆ ಸಾಗಿ ನಂಜನಗೂಡಿನ ಬಳಿ ಕಬಿನಿಯನ್ನು ಸೇರುತ್ತದೆ. ವರ್ಷದ ಬಹುಕಾಲ ಅದರಲ್ಲಿ ನೀರಿರುವುದಿಲ್ಲ. ಚೆಂಡು ಹೂ, ಅರಿಶಿನ, ಸಣ್ಣ ಈರುಳ್ಳಿ, ಟೊಮ್ಯಾಟೊ, ಎಲೆಕೋಸು, ಬಾಳೆ ಬೆಳೆಯುವ ಇಲ್ಲಿನ ರೈತರಿಗೆ ಕೊಳವೆಬಾವಿಯೇ ಆಧಾರ. ಇಲ್ಲಿಯ ತರಕಾರಿ ಮತ್ತು ಹೂವು ಗಡಿ ದಾಟಿ ಕೇರಳದ ಮಾರುಕಟ್ಟೆಗೂ ಹೋಗುತ್ತವೆ. ಕೇಂದ್ರ ಅಂತರ್ಜಲ ಮಂಡಳಿಯ ಹಲವು ಮೌಲ್ಯಮಾಪನಗಳಲ್ಲಿ ಗುಂಡ್ಲುಪೇಟೆ ತಾಲ್ಲೂಕು ಅತಿಬಳಕೆಯ ಪಟ್ಟಿಯಲ್ಲಿದೆ. ಕಬಿನಿಯಿಂದ ಕೆರೆ ತುಂಬಿಸುವ ಯೋಜನೆ ಒಂದಿಷ್ಟು ನೆರವಾಗಿದೆ.

ಜಿಲ್ಲೆಯ ಕೆಲವೆಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಮತ್ತು ನೈಟ್ರೇಟ್ ಮಿತಿ ಮೀರಿರುವುದು ವರದಿಯಾಗಿದೆ. ಫ್ಲೋರೈಡ್ ಬರುವುದು ಬಂಡೆಯಿಂದ. ನೈಸ್ ಮತ್ತು ಗ್ರಾನೈಟ್ ಶಿಲೆಗಳಲ್ಲಿರುವ ಬಯೊಟೈಟ್, ಅಪಟೈಟ್ ಮುಂತಾದ ಖನಿಜಗಳು ನೀರಿನ ಸಂಪರ್ಕದಲ್ಲಿ ದೀರ್ಘಕಾಲ ಇದ್ದಾಗ ಅದು ಕರಗುತ್ತದೆ; ಬಾವಿ ಆಳವಾದಂತೆ ಸಮಸ್ಯೆ ಹೆಚ್ಚುವುದು ಸಾಮಾನ್ಯ. ಕುಡಿಯುವ ನೀರಿನಲ್ಲಿ ಫ್ಲೋರೈಡಿನ ಗರಿಷ್ಠ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಅದನ್ನು ಮೀರಿದರೆ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ, ಇನ್ನೂ ಹೆಚ್ಚಾದರೆ ದೊಡ್ಡವರ ಮೂಳೆ ಕೀಲುಗಳಲ್ಲಿ ಬಿಗಿತ. ನೈಟ್ರೇಟ್ ಬಹುಪಾಲು ಬರುವುದು ಹೊಲಕ್ಕೆ ಹಾಕಿದ ಗೊಬ್ಬರ ಮತ್ತು ಊರಿನ ಕೊಳಚೆಯಿಂದ. ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ.

ಇವಕ್ಕೆ ನ್ಯಾನೊವಸ್ತು ಪರಿಹಾರವೇ? ಭಾಗಶಃ ಹೌದು. ಅಲ್ಯೂಮಿನದ ಮೇಲ್ಮೈ ಫ್ಲೋರೈಡನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ, ಕಣ ಸಣ್ಣದಾದಷ್ಟೂ ಹೆಚ್ಚು ಹಿಡಿಯುತ್ತದೆ. ಆದರೆ ಅದಕ್ಕೆ ತುಸು ಆಮ್ಲೀಯ ನೀರು ಬೇಕು. ಬಯಲುಸೀಮೆಯ ಕೊಳವೆಬಾವಿ ನೀರು ಬಹುತೇಕ ಕ್ಷಾರೀಯ. ಅದರಲ್ಲಿರುವ ಬೈಕಾರ್ಬನೇಟ್ ಫ್ಲೋರೈಡ್ ಜೊತೆ ಪೈಪೋಟಿಗಿಳಿಯುತ್ತದೆ. ಮೆಗ್ನೀಷಿಯಾ ಕೂಡ ಫ್ಲೋರೈಡ್ ಹಿಡಿಯುತ್ತದೆ. ಐಐಎಸ್‌ಸಿಯ ಸಿವಿಲ್ ಎಂಜಿನಿಯರಿಂಗ್ ವಿಭಾಗದಲ್ಲಿ ಇದನ್ನಾಧರಿಸಿದ ಮನೆಬಳಕೆಯ ವಿಧಾನವೊಂದು ರೂಪುಗೊಂಡಿದೆ. ಆದರೆ ಅದು ನೀರಿನ ಕ್ಷಾರತೆಯನ್ನು ಏರಿಸುವುದರಿಂದ ಕುಡಿಯುವ ಮೊದಲು ಸರಿಪಡಿಸಬೇಕು. ಕಬ್ಬಿಣದ ನ್ಯಾನೊಪುಡಿ ನೈಟ್ರೇಟನ್ನು ಒಡೆಯುತ್ತದೆ. ಆದರೆ ಅದರಲ್ಲಿ ಬಹುಪಾಲು ಅಮೋನಿಯಾ ಆಗಿ ಉಳಿಯುತ್ತದೆ. ಪ್ರತಿ ಪರಿಹಾರವೂ ಊರಿನ ನೀರಿನ ಎದುರು ಪರೀಕ್ಷೆಗೊಳಗಾಗಬೇಕು. ಪ್ರಯೋಗಾಲಯದ ಭಟ್ಟಿ ಇಳಿಸಿದ ನೀರಿನಲ್ಲಿ ಬಂದ ಫಲ ಅಲ್ಲಿ ಹಾಗೆಯೇ ಸಿಗುವುದಿಲ್ಲ.

ಕಾಲೇಜುಗಳಿಗೆ ಹರಡಿದ ವಿದ್ಯೆ

ದಹನ ವಿಧಾನದ ಅತಿ ದೊಡ್ಡ ಪರಿಣಾಮ ಅದು ಬಡ ಪ್ರಯೋಗಾಲಯಕ್ಕೂ ಎಟುಕಿದ್ದು. ನಿರ್ವಾತ ಕೋಣೆ ಬೇಡ, ಲೇಸರ್ ಬೇಡ. ಮಫಲ್ ಕುಲುಮೆ, ಸಿಲಿಕಾ ಬಟ್ಟಲು, ನೈಟ್ರೇಟ್ ಲವಣ, ಯೂರಿಯಾ ಇದ್ದರೆ ಸಾಕು. ತುಮಕೂರು, ಶಿವಮೊಗ್ಗ, ಮೈಸೂರು ಮುಂತಾದ ಕಡೆಯ ವಿಶ್ವವಿದ್ಯಾಲಯ ಮತ್ತು ಕಾಲೇಜುಗಳಲ್ಲಿ ನೂರಾರು ವಿದ್ಯಾರ್ಥಿಗಳು ಈ ಮಾರ್ಗದಲ್ಲೇ ಸಂಶೋಧನೆಗೆ ಕಾಲಿಟ್ಟರು. ಯೂರಿಯಾದ ಬದಲು ಎಲೆ, ಹಣ್ಣು, ಬೇರಿನ ಕಷಾಯವನ್ನು ಇಂಧನವಾಗಿ ಬಳಸುವ ‘ಹಸಿರು’ ವಿಧಾನವೂ ಇಲ್ಲಿಂದ ಕವಲೊಡೆಯಿತು. ಬಂಡೀಪುರ, ಮಲೆ ಮಹದೇಶ್ವರ ಬೆಟ್ಟದ ಕಾಡುಗಳನ್ನು ಆವರಿಸಿರುವ ಲಂಟಾನದ ಎಲೆಯಿಂದಲೂ, ಚೆಂಡು ಹೂವಿನಿಂದಲೂ, ಅರಿಶಿನದಿಂದಲೂ ನ್ಯಾನೊಕಣ ತಯಾರಿಸಿದ ಪ್ರಬಂಧಗಳು ಹಲವು ದೇಶಗಳಿಂದ ಬಂದಿವೆ. ಗುಂಡ್ಲುಪೇಟೆಯ ಸುತ್ತ ಈ ಮೂರೂ ಹೇರಳ.

ಒಂದು ಎಚ್ಚರ ಅಗತ್ಯ. ತಯಾರಿಕೆ ಹಸಿರಾದ ಮಾತ್ರಕ್ಕೆ ತಯಾರಾದ ವಸ್ತು ನಿರಪಾಯವಾಗುವುದಿಲ್ಲ. ಎಲೆಯ ರಸದಿಂದ ಮಾಡಿದ ಬೆಳ್ಳಿಯ ಕಣವೂ ಬೆಳ್ಳಿಯೇ. ನೀರಿಗೆ ಬಿದ್ದರೆ ಅದೂ ಅಯಾನು ಬಿಡುತ್ತದೆ. ಜೊತೆಗೆ ಎಲೆಯ ರಸದ ಸಂಯೋಜನೆ ಋತು, ಮಣ್ಣುಗಳಿಗೆ ತಕ್ಕಂತೆ ಬದಲಾಗುವುದರಿಂದ ಒಂದೇ ಗುಣಮಟ್ಟದ ಪುಡಿಯನ್ನು ಮತ್ತೆ ಮತ್ತೆ ಪಡೆಯುವುದು ಕಷ್ಟ.

ಪಾಟೀಲರ ಸಹೋದ್ಯೋಗಿ ಹೆಗ್ಡೆಯವರು ನಿವೃತ್ತಿಯ ನಂತರ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿಯ ಐಐಎಸ್‌ಸಿ ಆವರಣದಲ್ಲಿ ಪ್ರತಿಭಾ ವಿಕಾಸ ಕೇಂದ್ರವನ್ನು ಮುನ್ನಡೆಸಿ, ಶಾಲೆ ಮತ್ತು ಪದವಿಪೂರ್ವ ಕಾಲೇಜಿನ ವಿಜ್ಞಾನ ಶಿಕ್ಷಕರಿಗೆ ಕೈಯಾರೆ ಪ್ರಯೋಗ ಮಾಡಿಸುವ ತರಬೇತಿ ನೀಡಿದರು. ವಿಜ್ಞಾನಿಯ ಪ್ರಭಾವ ಪ್ರಬಂಧದಾಚೆ ಸಾಗುವ ಬಗೆ ಇದು.

ನ್ಯಾನೊವಸ್ತುವೇ ಮಾಲಿನ್ಯವಾದಾಗ

ಶುದ್ಧಿಗೆಂದು ಬಳಸಿದ ಕಣ ನೀರಿನಲ್ಲೇ ಉಳಿದರೆ ಏನಾಗುತ್ತದೆ ಎಂಬುದು ಈ ಕ್ಷೇತ್ರದ ಗಂಭೀರ ಪ್ರಶ್ನೆ. ಪರಿಸರ ಸೇರಿದ ನ್ಯಾನೊಕಣ ಅದೇ ರೂಪದಲ್ಲಿ ಇರುವುದಿಲ್ಲ. ಗಡಸು ನೀರಿನ ಕ್ಯಾಲ್ಸಿಯಂ ಸೋಕಿದಾಗ ಕಣಗಳು ಗುಂಪುಗೂಡಿ ತಳಕ್ಕಿಳಿಯುತ್ತವೆ. ಮಣ್ಣಿನ ಹ್ಯೂಮಿಕ್ ಆಮ್ಲ ಅವುಗಳ ಮೇಲೆ ಪದರಗಟ್ಟಿ ತೇಲುವಂತೆ ಮಾಡುತ್ತದೆ. ಬೆಳ್ಳಿಯ ಕಣ ಚರಂಡಿಯ ಗಂಧಕದೊಂದಿಗೆ ಸೇರಿ ಬೆಳ್ಳಿ ಸಲ್ಫೈಡ್ ಆಗುತ್ತದೆ, ಆಗ ಅದರ ವಿಷ ಬಹಳಷ್ಟು ತಗ್ಗುತ್ತದೆ. ಸತುವಿನ ಆಕ್ಸೈಡ್ ಕರಗಿ ಸತುವಿನ ಅಯಾನುಗಳನ್ನು ಬಿಡುತ್ತದೆ; ಪಾಚಿ ಮತ್ತು ಮೀನಿನ ಮರಿಗಳಿಗೆ ಅದು ಹೆಚ್ಚಾದರೆ ಅಪಾಯ. ಮಣ್ಣಿನ ಫಲವತ್ತತೆ ಕಾಯುವ ಸೂಕ್ಷ್ಮಜೀವಿಗಳಿಗೂ ಬೆಳ್ಳಿ ಮತ್ತು ತಾಮ್ರದ ಕಣಗಳಿಂದ ಹಾನಿ ಸಾಧ್ಯ.

ಆದುದರಿಂದ ನೀರಿನ ಶುದ್ಧೀಕರಣದಲ್ಲಿ ಬಿಡಿ ಪುಡಿಯನ್ನು ಸುರಿಯುವ ಬದಲು ಅದನ್ನು ಹರಳು, ಇಟ್ಟಿಗೆ, ಗಾಜು ಅಥವಾ ಇದ್ದಿಲಿನ ಮೇಲೆ ಭದ್ರವಾಗಿ ಕೂರಿಸುವುದು ಈಗಿನ ಕ್ರಮ. ಕಾನೂನೂ ನಿಧಾನವಾಗಿ ಎಚ್ಚೆತ್ತಿದೆ. ಯುರೋಪಿಯನ್ ಒಕ್ಕೂಟ 2022ರಲ್ಲಿ ಆಹಾರದಲ್ಲಿ ಟೈಟಾನಿಯಂ ಡೈಆಕ್ಸೈಡ್ ಬಳಕೆಯನ್ನು ನಿಷೇಧಿಸಿತು. ಭಾರತದಲ್ಲಿ ಜೈವಿಕ ತಂತ್ರಜ್ಞಾನ ಇಲಾಖೆ 2020ರಲ್ಲಿ ಕೃಷಿ ಮತ್ತು ಆಹಾರದ ನ್ಯಾನೊ ಉತ್ಪನ್ನಗಳ ಮೌಲ್ಯಮಾಪನಕ್ಕೆ ಮಾರ್ಗಸೂಚಿ ಹೊರಡಿಸಿತು. 2021ರಲ್ಲಿ ಮಾರುಕಟ್ಟೆಗೆ ಬಂದ 500 ಮಿಲಿಲೀಟರಿನ ನ್ಯಾನೊ ಯೂರಿಯಾ ಬಾಟಲಿ ಇಂದು ಹಲವು ಗೊಬ್ಬರದಂಗಡಿಗಳಲ್ಲಿ ಕಾಣುತ್ತದೆ. ಅದು ಚೀಲದ ಯೂರಿಯಾಕ್ಕೆ ಎಷ್ಟರಮಟ್ಟಿಗೆ ಬದಲಿ ಎಂಬ ಬಗ್ಗೆ ಕೃಷಿ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ಕ್ಷೇತ್ರಪ್ರಯೋಗದಲ್ಲಿ ಭತ್ತ, ಗೋಧಿಯ ಇಳುವರಿ ಕುಸಿದದ್ದು ಕಂಡುಬಂತು. ರೈತನ ಹೊಲವನ್ನು ಪ್ರಯೋಗಶಾಲೆಯಾಗಿ ಮಾಡುವ ಮೊದಲು ದೀರ್ಘಾವಧಿಯ, ಸ್ವತಂತ್ರ ಪರೀಕ್ಷೆ ನಡೆಯಬೇಕು.

ಪ್ರಭಾವದ ಅಳತೆ

ವಿಜ್ಞಾನಿಯ ಪ್ರಭಾವವನ್ನು ಇಂದು ಬಹುಮಟ್ಟಿಗೆ ಉಲ್ಲೇಖಗಳ ಸಂಖ್ಯೆಯಿಂದ ಅಳೆಯುತ್ತಾರೆ. ಭೌತವಿಜ್ಞಾನಿ ಹೋರ್ಹೆ ಹಿರ್ಶ್ 2005ರಲ್ಲಿ ಸೂಚಿಸಿದ ಎಚ್-ಸೂಚ್ಯಂಕ ಹೆಚ್ಚು ಪ್ರಚಲಿತ: ಒಬ್ಬರ 30 ಪ್ರಬಂಧಗಳು ತಲಾ 30 ಸಲವಾದರೂ ಉಲ್ಲೇಖಗೊಂಡಿದ್ದರೆ ಅವರ ಸೂಚ್ಯಂಕ 30. ನೇಮಕ, ಬಡ್ತಿ, ಅನುದಾನಗಳಲ್ಲಿ ಈ ಅಂಕಿ ತೂಕ ಪಡೆದಿದೆ. ಇದಕ್ಕೊಂದು ಉಪಯೋಗವಿದೆ, ಯಾವ ಕೆಲಸ ಇತರರ ಗಮನ ಸೆಳೆಯಿತು ಎಂದು ತಿಳಿಯುತ್ತದೆ. ಆದರೆ ಪರಿಸರ ನ್ಯಾನೊವಿಜ್ಞಾನದಲ್ಲಿ ಇದರ ಕೊರತೆ ಎದ್ದು ಕಾಣುತ್ತದೆ. ಹೊಸ ಎಲೆಯ ರಸ, ಅದೇ ಸತುವಿನ ಆಕ್ಸೈಡ್, ಅದೇ ಮೆಥಿಲೀನ್ ನೀಲಿ ಬಣ್ಣ ಎಂಬ ಪ್ರಬಂಧಗಳು ಸಾವಿರಗಟ್ಟಲೆ ಬಂದು ಒಂದನ್ನೊಂದು ಉಲ್ಲೇಖಿಸುತ್ತವೆ. ಅವುಗಳಲ್ಲಿ ಹಳ್ಳಿಯ ನೀರಿನ ತೊಟ್ಟಿಯವರೆಗೆ ಬಂದವು ಕೆಲವೇ ಕೆಲವು.

ಪಾಟೀಲರ ಕೆಲಸ ಈ ಅಂಕಿಯಾಚೆಗೂ ನಿಲ್ಲುತ್ತದೆ. ಅವರು ಕೊಟ್ಟದ್ದು ಒಂದು ವಸ್ತುವಲ್ಲ, ವಸ್ತುಗಳನ್ನು ಮಾಡುವ ದಾರಿ; ಯಾರು ಬೇಕಾದರೂ ನಡೆಯಬಹುದಾದ ದಾರಿ. ಅದೇ ವಿಧಾನದ ಮೇಲೆ ಇತರರು ಶುದ್ಧೀಕರಣ, ಹೊಗೆ ನಿಯಂತ್ರಣ, ದೀಪಗಳಲ್ಲಿ ಬೆಳಕು ಸೂಸುವ ಪುಡಿ (ಫಾಸ್ಫರ್), ಬ್ಯಾಟರಿ ವಸ್ತುಗಳ ಸಂಶೋಧನೆ ಕಟ್ಟಿದರು. ಪ್ರದೀಪರ ಕೆಲಸ ಇನ್ನೊಂದು ಬಗೆಯ ಪ್ರಭಾವಕ್ಕೆ ಉದಾಹರಣೆ: ಪ್ರಯೋಗಾಲಯದಲ್ಲಿ ಕಂಡದ್ದು ನಾಲ್ಕೇ ವರ್ಷಗಳಲ್ಲಿ ಮನೆಯ ಫಿಲ್ಟರ್ ಸೇರಿತು. ಈ ಎರಡನ್ನೂ ಉಲ್ಲೇಖದ ಎಣಿಕೆ ಪೂರ್ತಿಯಾಗಿ ಹಿಡಿಯಲಾರದು.

ಚಾಮರಾಜನಗರದಂಥ ಜಿಲ್ಲೆಗೆ ಬೇಕಾದ ಅಳತೆಗಳು ಸ್ಪಷ್ಟ. ಸ್ಥಳೀಯ ಕೊಳವೆಬಾವಿಯ ನೀರಿನಲ್ಲೇ ವಸ್ತು ಕೆಲಸ ಮಾಡಿತೇ? ಎಷ್ಟು ತಿಂಗಳು ಮಾಡಿತು? ಬಳಸಿ ಮುಗಿದ ಪುಡಿಯನ್ನು ಎಲ್ಲಿ ಹಾಕಿದರು? ಒಂದು ಬಿಂದಿಗೆ ನೀರಿಗೆ ತಗುಲಿದ ಖರ್ಚೆಷ್ಟು? ಕೆಟ್ಟಾಗ ದುರಸ್ತಿ ಮಾಡುವವರು ಊರಿನಲ್ಲಿದ್ದಾರೆಯೇ? ಈ ಐದು ಪ್ರಶ್ನೆಗಳಿಗೆ ಉತ್ತರ ಬರೆಯದ ಪ್ರಬಂಧ ಎಷ್ಟೇ ಉಲ್ಲೇಖ ಪಡೆದರೂ ಅರ್ಧ ಕೆಲಸವೇ.

ಚಾಮರಾಜನಗರದ ಬಳಿಯ ಬೇಡರಪುರದ ಸುವರ್ಣ ಗಂಗೋತ್ರಿ ಆವರಣದಲ್ಲಿ ಉನ್ನತ ಶಿಕ್ಷಣದ ಕೇಂದ್ರವಿದೆ, ಗುಂಡ್ಲುಪೇಟೆಯಲ್ಲಿ ಸರ್ಕಾರಿ ಪದವಿ ಕಾಲೇಜಿದೆ. ಕುಲುಮೆ, ನೈಟ್ರೇಟ್ ಲವಣ, ಯೂರಿಯಾ ಇವರ ಕೈಗೆಟುಕದ ವಸ್ತುಗಳಲ್ಲ. ಪರೀಕ್ಷಿಸಬೇಕಾದ ನೀರಂತೂ ಅಕ್ಕಪಕ್ಕದ ಹಳ್ಳಿಗಳಲ್ಲೇ ಇದೆ. ಇಲ್ಲಿನ ರಸಾಯನವಿಜ್ಞಾನದ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳು ಪ್ರತಿ ಬೇಸಿಗೆಯಲ್ಲೂ ತಮ್ಮ ತಾಲ್ಲೂಕಿನ ಕೊಳವೆಬಾವಿಗಳ ಫ್ಲೋರೈಡ್, ನೈಟ್ರೇಟ್ ಪ್ರಮಾಣವನ್ನು ಅಳೆದು ಗ್ರಾಮ ಪಂಚಾಯಿತಿಗಳ ಫಲಕದಲ್ಲಿ ಕನ್ನಡದಲ್ಲೇ ಪ್ರಕಟಿಸಲಿ. ತಾವು ತಯಾರಿಸುವ ವಸ್ತುಗಳನ್ನು ಆ ನೀರಿನಲ್ಲೇ ಪರೀಕ್ಷಿಸಲಿ. ಬೆಂಗಳೂರಿನಲ್ಲಿ ಹುಟ್ಟಿ ಜಗತ್ತಿಗೆ ಹರಡಿದ ವಿದ್ಯೆಯ ಪ್ರಯೋಜನ ಗುಂಡ್ಲುಪೇಟೆಯ ಹಳ್ಳಿಗಳಿಗೂ ಸಿಗಬೇಕಾದರೆ ಇದೇ ಮೊದಲ ಕೆಲಸ.